ಜಟ್ಟಪ್ಪನ ಬಾಯಿಯ ಹುಳ

ಜಟ್ಟಪ್ಪ ಬೆಳಿಗ್ಗೆಯೇ ತೀರಿಕೊಂಡಿದ್ದ. ಅವನ ಬಾಯಲ್ಲಿದ್ದ ಕಡಲಹುಳ ಮಾತ್ರ ಇನ್ನೂ ಹಿಡಿತ ಬಿಟ್ಟಿರಲಿಲ್ಲ. ಊರಿನ ಎಲ್ಲರಿಗೂ ಆದಂತೆ ಅವನಿಗೂ ಏಳನೇ ವರ್ಷದಲ್ಲಿ ಅದು ನಾಲಿಗೆಯನ್ನು ತಿಂದು ಆ ಜಾಗದಲ್ಲೇ ಕೂತಿತ್ತು. ಹುಳ ಉಂಡು ತಣಿದು ತಾನಾಗಿ ಇಳಿಯದೆ ಹೆಣ ಎತ್ತುವಂತಿಲ್ಲ.

"ಸಿಗಡಿ ಕೊಡು, ಶೇವಂತಿ. ಹುಳ ಕೂರೋ ಮುಂಚೆ ತಮ್ಮ ಸಿಗಡಿ ಅಂದ್ರೆ ಜೀವ ಬಿಡ್ತಿದ್ದ," ಎಂದಳು ಜಟ್ಟಪ್ಪನ ಅಕ್ಕ.

ಶೇವಂತಿಗೆ ನಂಬಿಕೆಯಾಗಲಿಲ್ಲ. ಮೂವತ್ತು ವರ್ಷ ಗಂಡ ಅವಳು ಮಾಡಿದ ಸಿಗಡಿಯನ್ನು ಥೂ ಎಂದು ಉಗಿದಿದ್ದ. ಆದರೂ ತುತ್ತಿಟ್ಟಳು. ಸತ್ತ ಬಾಯಿ ಹಾಗೆಯೇ ಉಗಿಯಿತು.

"ಹಾಗಾದ್ರೆ ಇಷ್ಟು ವರ್ಷ ಉಗಿದದ್ದು ನೀನೋ?" ಎಂದು ಶೇವಂತಿ ಹುಳವನ್ನೇ ಕೇಳಿದಳು.

ಸಪ್ಪೆ ಗಂಜಿ ಕೊಟ್ಟಳು. ಹುಳ ಚಪ್ಪರಿಸಿ ಉಂಡು ಇಳಿದುಹೋಯಿತು.

ಖಾಲಿ ಬಾಯಿ ತೊಳೆದು, ಅದರಲ್ಲಿ ಒಂದು ಸಿಗಡಿ ಇಟ್ಟಳು. ಈ ಸಲ ಯಾರೂ ಉಗಿಯಲಿಲ್ಲ.