ಆಡುಸೋಗೆಯ ಬೇಲಿ

ಈಗಲೂ ಕೆಮ್ಮಿನ ಔಷಧದ ಬಾಟಲಿ ತೆರೆದರೆ, ಆ ಕಹಿ ವಾಸನೆಗೆ ಕಮತಗಿಯ ನಮ್ಮ ಹಿತ್ತಲು ಕಣ್ಣಮುಂದೆ ಬಂದು ನಿಲ್ಲುತ್ತದೆ.

ಕಾಯಿಪಲ್ಲೆಯ ಮಡಿಗಳ ಸುತ್ತ ಅಜ್ಜ ಆಡುಸೋಗೆಯ ಬೇಲಿ ಹಚ್ಚಿದ್ದ. ಚಳಿಗಾಲದಲ್ಲಿ ಅವರೆಬಳ್ಳಿ ಒಣಗಿ ಹಗ್ಗವಾದರೂ ಬೇಲಿ ಮಾತ್ರ ಹಸಿರಾಗಿಯೇ ಇರುತ್ತಿತ್ತು. ಊರಲ್ಲಿ ಯಾರಿಗೂ ಮರ್ಯಾದೆ ಕೊಡದ ಆಡುಗಳು ಅದನ್ನು ಮೂಸಿ, ದರ್ಶನ ಮುಗಿಸಿದ ಭಕ್ತರಂತೆ ಹಿಂದೆ ಸರಿಯುತ್ತಿದ್ದವು. ಅದರ ಒಂದು ಎಲೆ ಹರಿಯಲೂ ಅಜ್ಜನ ಅಪ್ಪಣೆ ಬೇಕಿತ್ತು. ಆ ಅಪ್ಪಣೆ ಯಾರಿಗಾದರೂ ಸಿಕ್ಕಿದ್ದನ್ನು ಮನೆಯಲ್ಲಿ ಒಬ್ಬರೂ ಕಂಡಿರಲಿಲ್ಲ.

ಆ ಚಳಿಗಾಲ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಳು. ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿರಿ ಎಂದುಬಿಟ್ಟರು. ಮರುದಿನ ಮಧ್ಯಾಹ್ನ ಅಜ್ಜನೇ ಕುಡಗೋಲು ಹಿಡಿದು ಬೇಲಿಗೆ ಇಳಿದ. ನಾನು ಎಲೆ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದೆ. ಅಜ್ಜಿ ಅದನ್ನು ಒಳಗೆ ಒಯ್ದು ಕಷಾಯ ಕುದಿಸುತ್ತಿದ್ದಳು.

“ಒಂದ್ ಹಿಡಿ ಸಾಕ್ರಿ. ಬೇಲಿ ಬೋಳಾತು,” ಅಂದಳು ಅಜ್ಜಿ.

“ಆಗ್ಲಿ. ನೀ ಗಟ್ಟಿ ಕುದಸು. ಇನ್ನಾ ಗಟ್ಟಿ ಕುದಸು.”

ಬಿಸಿಲು ಇಳಿಯುವ ಹೊತ್ತಿಗೆ ಒಳಗಿನ ಕೆಮ್ಮು ನಿಂತಿತು. ನಾನು ಕುಣಿದಾಡಿದೆ.

“ಅಜ್ಜಾ, ಔಷಧ ನಾಟ್ತು ನೋಡು! ಚಿಗವ್ವನ ಕೆಮ್ಮ ನಿಂತೈತಿ!”

ಅಜ್ಜಿ ಹಿತ್ತಲ ಬಾಗಿಲಿಗೆ ಬಂದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಸಾಕ್ ಬಿಡ್ರಿ. ಇನ್ ಯಾರಿಗಂತ ಕುದಸ್ಲಿ?”

ಅಜ್ಜ ಅವಳ ಕಡೆ ತಿರುಗಲಿಲ್ಲ.

“ಬುಟ್ಟಿ ಹಿಡಿ,” ಎಂದು ನನಗೆ ಹೇಳಿ, ಉಳಿದ ಬೇಲಿಯನ್ನು ಬುಡದವರೆಗೆ ಕೊಯ್ಯುತ್ತಲೇ ಹೋದ.