ಇಂಚಿಗೆ ಹನ್ನೆರಡು

"ಇಲ್ಲಿ ಸೈನ್ ಹಾಕಿ," ಎಂದು ಆಶಾರಾಣಿ ಮಿಸ್ ಪ್ರಾಜೆಕ್ಟ್ ಪುಸ್ತಕವನ್ನು ವನಜಾಳ ಮುಂದಕ್ಕೆ ತಳ್ಳಿದರು. ಪುಟದ ಮೇಲೆ ಕೆಂಪು ಶಾಯಿಯಲ್ಲಿ, 'ಅಂಗಡಿಯಲ್ಲಿ ಕೊಂಡ ವಸ್ತು. ತಾನೇ ಮಾಡಿದ್ದೆಂದು ಸುಳ್ಳು ಹೇಳಿದ್ದಾಳೆ' ಎಂದಿತ್ತು. ಕೆಳಗೊಂದು ದುಂಡನೆಯ ಸೊನ್ನೆ. ಅದರ ಕೆಳಗೆ ಪೋಷಕರ ಸಹಿಗೆ ಜಾಗ.

ಪುಸ್ತಕದ ಪಕ್ಕದಲ್ಲೇ ಆ ವಸ್ತುವೂ ಇತ್ತು: ನೀಲಿ ಗೆರೆಯ ಬಟ್ಟೆಯ ಒಂದು ಪುಟ್ಟ ಕುಲಾವಿ. ಕ್ರಿಸ್‌ಮಸ್ ರಜೆಯಲ್ಲಿ ಮನೆಯವರಿಗೆ ಯಾರಿಗಾದರೂ ಕೈಯಾರೆ ಒಂದು ಉಡುಗೊರೆ ಮಾಡಿ ತನ್ನಿ ಎಂದು ಆರನೇ ಕ್ಲಾಸಿನ ಮಕ್ಕಳಿಗೆಲ್ಲ ಹೇಳಿದ್ದರು. ವನಜಾಳ ಮಗಳು ಮೋನಿಷಾ ಅಪ್ಪನ ಹಳೆಯ ಅಂಗಿ ಕತ್ತರಿಸಿ, ಚಿಕ್ಕಮ್ಮನ ಮಗುವಿಗೆಂದು ಸೂಜಿ ದಾರದಲ್ಲಿ ಇದನ್ನು ಹೊಲಿದಿದ್ದಳು. ಈಗ ಸ್ಟಾಫ್ ರೂಮಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅತ್ತಿರಲಿಲ್ಲ. ಆದರೆ ನುಂಗಿಕೊಂಡ ಅಳು ಎಷ್ಟೆಂದು ತಾಯಿಗೆ ಗೊತ್ತಾಗದೆ ಇರುತ್ತದೆಯೇ?

ವನಜಾ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ಒಂದು ಗಂಟೆಯ ಗೇಟ್ ಪಾಸ್ ಹಿಡಿದು ಓಡಿಬಂದಿದ್ದಳು. ಅವಸರದಲ್ಲಿ ಕೊರಳಿನ ಇಂಚು ಟೇಪನ್ನೂ ತೆಗೆದಿರಲಿಲ್ಲ. ಗಂಟೆಯಲ್ಲಿ ಅರ್ಧ ಆಗಲೇ ಮುಗಿದಿತ್ತು. ಕೆಲಸದ ಕಡೆ ಸೈನ್ ಹಾಕು ಎಂದವರ ಕಾಗದಕ್ಕೆಲ್ಲ ಒಂಬತ್ತು ವರ್ಷದಿಂದ ಓದದೆ ಸೈನ್ ಹಾಕಿ ಬಂದವಳು ಅವಳು; ಪೆನ್ನು ಕೈಗೆ ಬಂದೂ ಆಗಿತ್ತು.

"ಅವಳೇ ಹೊಲ್ದಿದ್ದು ಮಿಸ್. ನನ್ ಕಣ್ಮುಂದೇನೇ ಹೊಲಿದ್ಲು."

"ಎಲ್ಲಾ ಪೇರೆಂಟ್ಸೂ ಹೀಗೇ ಹೇಳ್ತಾರೆ. ಆನ್‌ಲೈನಲ್ಲಿ ತರ್ಸಿ, ರೇಟಿನ ಚೀಟಿ ಕಿತ್ತು ಕಳಿಸ್ತಾರೆ. ಹೋದ್ ವರ್ಷ ಆರು ಜನ ಸಿಕ್ಕಿಬಿದ್ರು." ಮಿಸ್ ಕುಲಾವಿಯ ಅಂಚನ್ನು ಉಗುರಿನಿಂದ ಗೀರಿದರು. "ನೀವೇ ನೋಡಿ, ಎಷ್ಟು ನೀಟಾಗಿದೆ. ಮಕ್ಕಳು ಇಷ್ಟು ಚೆನ್ನಾಗಿ ಹೊಲೀತಾರಾ? ಕೈಯಲ್ಲಿ ಮಾಡಿದ್ದು ಅಂದ್ರೆ, ಅಲ್ನೋಡಿ, ಹಾಗಿರುತ್ತೆ."

ಕಪಾಟಿನ ಮೇಲೆ ಹತ್ತಕ್ಕೆ ಹತ್ತು ಪಡೆದವು ಸಾಲಾಗಿ ಕೂತಿದ್ದವು. ಕಣ್ಣು ಜೋತುಬಿದ್ದ ಗೊಂಬೆ, ಅಂಟು ಸೋರಿದ ಪರ್ಸು, ಬಾಯಿ ಸೊಟ್ಟಗಾದ ಚೀಲ. ವನಜಾ ಒಂದೇ ನೋಟಕ್ಕೆ ಏಳು ತಪ್ಪು ಎಣಿಸಿದಳು. ಅವಳ ಕೆಲಸವೇ ಅದು. ಹೊಲಿಗೆ ಮೆಷಿನ್ನುಗಳ ಲೈನಿನ ಕೊನೆಯಲ್ಲಿ ನಿಂತು ದಿನವಿಡೀ ಅಂಗಿಗಳನ್ನು ತಿರುವಿ ನೋಡುವುದು, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ, ಆಲ್ಟರ್ ಮಾಡಿ, ತಿದ್ದಿ ಕೊಡಿ ಎಂದು ಹೊಲಿದವರಿಗೇ ವಾಪಸ್ ಕಳಿಸುವುದು. ಇಂಚಿಗೆ ಹನ್ನೆರಡು ಹೊಲಿಗೆ ಬೀಳಬೇಕು. ಹನ್ನೊಂದಾದರೆ ಬಾಣ.

ಆ ಹಾಳು ಬುದ್ಧಿಯನ್ನು ರಜೆಯಲ್ಲಿ ಮನೆಗೂ ತಂದಿದ್ದಳು. ಮಗಳು ಹೊಲಿದು ತೋರಿಸಿದಾಗಲೆಲ್ಲ ಟೇಪು ಹಿಡಿದು ಎಣಿಸಿ, ಬಾಣ ಅಂಟಿಸಿದಳು. ಹುಡುಗಿ ನಾಲ್ಕು ಸಲ ಬಿಚ್ಚಿದಳು, ಎರಡು ಸಲ ಅತ್ತಳು, ಒಂದು ಸಲ ಕುಲಾವಿಯನ್ನು ಮಂಚದಡಿಗೆ ಎಸೆದು ಊಟ ಬಿಟ್ಟಳು. ಐದನೆಯ ಸಲ ಬಾಣ ಬೀಳಲಿಲ್ಲ. ಅಷ್ಟೆಲ್ಲ ಪಾಡುಪಟ್ಟಿದ್ದಕ್ಕೆ ಕೈಗೆ ಸಿಕ್ಕಿದ್ದು ಈ ಸೊನ್ನೆ.

"ಹೋಗ್ಲಿ, ಸೈನ್ ಹಾಕ್ಬಿಡಿ, ಇಲ್ಲಿಗೇ ಮುಗ್ಸೋಣ," ಎಂದರು ಮಿಸ್, ಸ್ವಲ್ಪ ಮೆತ್ತಗೆ. "ರೆಡಿಮೇಡ್ ತಂದು ಕೈಯಲ್ಲಿ ಮಾಡಿದ್ದು ಅನ್ನೋದು ಮಗೂಗೂ ಒಳ್ಳೇದಲ್ಲ."

"ರೆಡಿಮೇಡ್ ಅಂದ್ರೆ ಆಕಾಶದಿಂದ ಉದುರುತ್ತಾ ಮಿಸ್?"

ಪಕ್ಕದ ಮೇಜಿನ ಮೇಷ್ಟ್ರು ತಲೆಯೆತ್ತಿದರು. ವನಜಾ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. "ಅದನ್ನೂ ನಾವೇ ಕೈಯಲ್ಲಿ ಮಾಡೋದು. ಸೂಜಿ, ದಾರ, ಕತ್ತರಿ ಕೊಡಿ."

ಮಿಸ್ ಕ್ರಾಫ್ಟ್ ಡಬ್ಬಿಯನ್ನು ಅವಳತ್ತ ಸರಿಸಿದರು. ವನಜಾ ಕುಲಾವಿಯ ಅಂಚಿಗೆ ಕತ್ತರಿ ತೂರಿಸಿ, ಎರಡು ಇಂಚಿನಷ್ಟು ಹೊಲಿಗೆಯನ್ನು ಸರಸರನೆ ಬಿಚ್ಚಿಹಾಕಿದಳು.

"ಅಮ್ಮಾ!" ಮೋನಿಷಾ ಗೋಡೆ ಬಿಟ್ಟು ಓಡಿಬಂದಳು.

"ಅಳ್ಬೇಡ. ಕೂತ್ಕೊಂಡು ಹೊಲಿ."

ಹುಡುಗಿಯ ಮೊದಲ ಮೂರು ಹೊಲಿಗೆ ಸೊಟ್ಟಗೆ ಬಿದ್ದವು. ಅವನ್ನು ಅವಳೇ ಬಿಚ್ಚಿದಳು, ಯಾರೂ ಹೇಳಲಿಲ್ಲ. ಆಮೇಲೆ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದವಳು ಮುಗಿಯುವವರೆಗೂ ಮೇಲೆ ನೋಡಲಿಲ್ಲ. ಮೇಷ್ಟ್ರು ಎದ್ದು ಬಂದು ಹಿಂದೆ ನಿಂತರು. ಬೆಲ್ ಹೊಡೆಯಿತು. ಮಿಸ್ ಕ್ಲಾಸಿಗೆ ಹೋಗಲಿಲ್ಲ. ಗೇಟ್ ಪಾಸಿನ ಗಂಟೆ ಮುಗಿದು ಹೋಗಿತ್ತು. ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆಂದು ವನಜಾಳಿಗೆ ಗೊತ್ತಿತ್ತು. ಬೈದುಕೊಳ್ಳಲಿ.

ಮೋನಿಷಾ ಗಂಟು ಹಾಕಿ ದಾರ ಕಡಿದಳು. ವನಜಾ ಕೊರಳಿನ ಟೇಪು ತೆಗೆದು ಹೊಲಿಗೆಯ ಪಕ್ಕಕ್ಕೆ ಹಾಸಿದಳು. "ಒಂದ್ ಇಂಚು ಎಣಿಸಿ ಮಿಸ್."

ಆಶಾರಾಣಿ ಮಿಸ್ ಕನ್ನಡಕ ಹಾಕಿಕೊಂಡು ಬಗ್ಗಿದರು. ಕೆಂಪು ಪೆನ್ನಿನ ತುದಿ ಒಂದೊಂದೇ ಹೊಲಿಗೆ ಮುಟ್ಟುತ್ತಾ ಹೋಯಿತು. "ಹತ್ತು... ಹನ್ನೊಂದು..." ಅವರು ನಿಲ್ಲಿಸಿದರು. ಇನ್ನೊಂದು ಉಳಿದಿತ್ತು. "ಹನ್ನೆರಡು," ಎಂದರು, ಮೋನಿಷಾಳ ಮುಖ ನೋಡದೆ.

ವನಜಾ ತನ್ನ ಕೆಲಸದ ಐಡಿ ಕಾರ್ಡನ್ನು ತಿರುಗಿಸಿದಳು. ಅದರ ಹಿಂಬದಿಗೆ ಅಂಟಿಸಿಕೊಂಡಿದ್ದ ಕೆಂಪು ಬಾಣಗಳಲ್ಲಿ ಒಂದನ್ನು ಉಗುರಿನಿಂದ ಎಬ್ಬಿಸಿ, ಪುಸ್ತಕದಲ್ಲಿ 'ಸುಳ್ಳು' ಎಂಬ ಮಾತಿಗೆ ಮೊನೆ ತಾಗುವಂತೆ ಒತ್ತಿ ಅಂಟಿಸಿದಳು.

"ಆಲ್ಟರ್ ಮಾಡಿ ಕಳ್ಸಿ ಮಿಸ್," ಎಂದಳು. "ಸರಿಯಾಗಿದ್ರೆ ಸೈನ್ ಹಾಕ್ತೀನಿ."