ಟೈಲರ್ ಭಾವನ ಕಳ್ಳಜೇಬು

ತುಂಬಿದ ಬಸ್ಸಿನಲ್ಲಿ ಟೈಲರ್ ಭಾವ ಎದೆಯ ಕಳ್ಳಜೇಬನ್ನು ಹತ್ತನೆಯ ಸಲ ಮುಟ್ಟಿ ನೋಡಿಕೊಂಡದ್ದೇ ತಡ, ಪಕ್ಕದಲ್ಲಿದ್ದ ಬಾಮೈದ ಎರಡು ಬೆರಳು ತೂರಿಸಿ ಪೊಟ್ಟಣ ಎಗರಿಸಿದ. ತೀರಿಕೊಂಡ ತನ್ನ ಅಕ್ಕನ ಕಿವಿಯೋಲೆ ಅದರಲ್ಲಿದೆ, ಅವಳ ಮಗಳಿಗೆ ತಲುಪಬೇಕಾದದ್ದು ಎಂದೇ ಅವನ ಎಣಿಕೆ.

ಇಳಿದ ಮೇಲೆ ಅವನು ಥೇಟ್ ಕಂಡಕ್ಟರನಂತೆ ಮೂಗಿನಲ್ಲಿ ಕೂಗಿದ. "ಯಾರ್ರೀ ಓಲೆ ಕಳ್ಕೊಂಡೋರು? ಮುಟ್ಟಿ ಮುಟ್ಟಿ ಕಳ್ಳನಿಗೆ ನೀವೇ ದಾರಿ ತೋರಿಸ್ತೀರಲ್ಲ, ಭಾವ."

"ಬಿಚ್ಚಿ ನೋಡು."

ಪೊಟ್ಟಣದಲ್ಲಿ ನಾಲ್ಕು ಅಂಗಿಗುಂಡಿಗಳಿದ್ದವು. ಬಾಮೈದನ ಮುಖ ಬಿಳಿಚಿತು. "ಹಾಗಾದ್ರೆ ಓಲೆ?"

"ಮೊನ್ನೆ ನಿನ್ನ ಕೋಟು ಸಡಿಲ ಮಾಡ್ಕೊಟ್ಟೆನಲ್ಲ, ಅದರ ಒಳಬಟ್ಟೆಗೆ ಸೇರಿಸಿ ಹೊಲಿದೆ. ಬಸ್ಸು ಹೊರಟಾಗ ಅದನ್ನೇ ದಿಂಬು ಮಾಡ್ಕೊಂಡು ಗೊರಕೆ ಹೊಡೀತಿದ್ದೆ ನೀನು."

ಬಾಮೈದ ಎರಡೂ ಕೈಯಿಂದ ಕೋಟನ್ನು ತಡಕಾಡತೊಡಗಿದ.

"ಮುಟ್ಟಬೇಡಪ್ಪಾ, ಕಳ್ಳ ನೋಡ್ತಾನೆ," ಎಂದು ಭಾವ ರಸ್ತೆಯವರೆಲ್ಲ ತಿರುಗಿ ನೋಡುವಂತೆ ನಕ್ಕರು.